ಶೈತ್ಯಾಗಾರದ ನಮೂನೆ: ಬಿಸಿ ಹೊರಹೋಗುವ ದಾರಿ

(ಬೊರಿವಲಿಯ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರಟ್ಟು, ಕಡ್ಡಿ, ಬೆಂಕಿಪೊಟ್ಟಣಗಳಿಂದ ಅಳತೆಗೆ ತಕ್ಕ ನಮೂನೆಗಳನ್ನು ಮಾಡುವ ಹವ್ಯಾಸವು ನಮ್ಮ ವಾಚನಾಲಯದ ಹುಡುಗರಲ್ಲಿಯೂ, ಪಾಳಿ ಮುಗಿಸಿ ಬಂದು ಕೂಡುವ ಕೆಲವು ದೊಡ್ಡವರಲ್ಲಿಯೂ ಬೆಳೆದಿರುವುದು ಸಂತೋಷದ ಸಂಗತಿ. ರೈಲು ನಿಲ್ದಾಣ, ಅಣೆಕಟ್ಟು, ಗೋಪುರ ಇವೆಲ್ಲ ಆದ ಮೇಲೆ ಈ ಸಲ ಶೈತ್ಯಾಗಾರದ, ಅಂದರೆ ನಾವು ಆಡುಮಾತಿನಲ್ಲಿ ಕೋಲ್ಡ್ ಸ್ಟೋರೇಜ್ ಎನ್ನುವ ಕಟ್ಟಡದ ನಮೂನೆ ಮಾಡಬೇಕೆಂದು ಅವರು ಗೊತ್ತುಮಾಡಿದ್ದಾರೆ. ಕಟ್ಟಡವೇನೋ ಸುಲಭ. ಕಿಟಕಿಯಿಲ್ಲದ ನಾಲ್ಕು ಗೋಡೆ, ಒಂದು ಮಾಡು, ಒಂದು ದಪ್ಪ ಬಾಗಿಲು. ಆದರೆ ಇಷ್ಟನ್ನೇ ಕತ್ತರಿಸಿ ಅಂಟಿಸಿ ಬಿಳಿಯ ಬಣ್ಣ ಬಳಿದರೆ ಆಗುವುದು ಉಗ್ರಾಣ, ಶೈತ್ಯಾಗಾರವಲ್ಲ. ಉಗ್ರಾಣವನ್ನು ಶೈತ್ಯಾಗಾರವನ್ನಾಗಿ ಮಾಡುವುದು ಅದರ ಮಾಡಿನ ಮೇಲೆಯೂ ಪಕ್ಕದ ಗೋಡೆಗೂ ನಿಂತಿರುವ ಯಂತ್ರಸಾಮಗ್ರಿ. ಅದೇ ಇಂದಿನ ನಮ್ಮ ವಿಷಯ.

ಯಾವುದಾದರೊಂದು ನಿಜವಾದ ಊರನ್ನು ಕಣ್ಣಮುಂದೆ ಇಟ್ಟುಕೊಂಡರೆ ನಮೂನೆಗೆ ಜೀವ ಬರುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ಆ ಕಡೆಯಿಂದ ಬಂದವರು ಅನೇಕರಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಬಣ್ಣವೇ ಅದರ ಬೆಲೆ. ಬಿಸಿಲಿಗೂ ಸೆಕೆಗೂ ಸಿಕ್ಕಿ ತಿಂಗಳುಗಟ್ಟಲೆ ಬಿದ್ದರೆ ಕೆಂಪು ಮಾಸುತ್ತದೆ, ಹುಳು ಹಿಡಿಯುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಮಾಲು ಒಮ್ಮೆಲೇ ಮಾರುಕಟ್ಟೆಗೆ ನುಗ್ಗಿದಾಗ ದರ ಇಳಿಯುತ್ತದೆ. ತಂಪಿನಲ್ಲಿ ಇಡಲು ಜಾಗವಿದ್ದವನು ನಾಲ್ಕು ತಿಂಗಳು ಕಾಯಬಲ್ಲ. ಇಲ್ಲದವನು ಅಂದಿನ ದರಕ್ಕೇ ಕೊಟ್ಟು ಹೋಗಬೇಕು. ಆದುದರಿಂದಲೇ ಆ ಊರಿನ ಸುತ್ತ ಶೈತ್ಯಾಗಾರಗಳು ಎದ್ದಿವೆ. ಅವುಗಳೊಳಗೆ ಹಿಮವಿಲ್ಲ. ಸೊನ್ನೆಗಿಂತ ಕೆಲವು ಡಿಗ್ರಿ ಮೇಲಿನ ಒಣ ತಂಪು ಮಾತ್ರ ಇರುತ್ತದೆ. ಬ್ಯಾಡಗಿಗೆ ರೈಲು ನಿಲ್ದಾಣವೂ ಇರುವುದರಿಂದ, ರೈಲಿನ ನಮೂನೆ ಮಾಡುವವರಿಗೆ ಇದು ಒಳ್ಳೆಯ ಜೋಡಿ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ದಪ್ಪ ಗೋಡೆಯಿದ್ದರೆ ತಂಪು ತಾನೇ ಇರುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಗೋಡೆಯು ಹೊರಗಿನ ಬಿಸಿ ಒಳಗೆ ಬರುವುದನ್ನು ತಡಮಾಡುತ್ತದೆಯೇ ಹೊರತು ನಿಲ್ಲಿಸಲಾರದು. ೧೮೩೩ರಲ್ಲಿ ಅಮೆರಿಕದ ಬೋಸ್ಟನ್ ನಗರದಿಂದ ಟಸ್ಕನಿ ಎಂಬ ಹಡಗು ೧೮೦ ಟನ್ ಕೆರೆಯ ಮಂಜುಗಡ್ಡೆಯನ್ನು ಹೇರಿಕೊಂಡು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪ್ರಯಾಣ. ಬಂದು ತಲಪಿದಾಗ ಉಳಿದಿದ್ದುದು ಸುಮಾರು ೧೦೦ ಟನ್. ಉಳಿದುದು ಕರಗಿ ನೀರಾಗಿ ಹೋಯಿತು. ಮುಂದೆ ಇಂಥ ಮಂಜುಗಡ್ಡೆಯನ್ನು ಇಡಲು ಮುಂಬಯಿ, ಮದರಾಸು ನಗರಗಳಲ್ಲಿಯೂ ಮನೆಗಳನ್ನು ಕಟ್ಟಿದರು. ೧೮೪೨ರಲ್ಲಿ ಕಟ್ಟಿದ ಮದರಾಸಿನ ಐಸ್ ಹೌಸ್ ಇಂದಿಗೂ ಕಡಲತೀರದಲ್ಲಿ ವಿವೇಕಾನಂದ ಭವನವಾಗಿ ನಿಂತಿದೆ. ಅವು ಬರಿಯ ಗೋಡೆಯ ಮನೆಗಳು. ಒಳಗೆ ಬಂದ ಬಿಸಿಯನ್ನು ಹೊರಕ್ಕೆ ಹಾಕುವ ಉಪಾಯ ಅವುಗಳಲ್ಲಿರಲಿಲ್ಲ. ಶೈತ್ಯಾಗಾರದಲ್ಲಿ ಆ ಉಪಾಯವಿದೆ. ಆದುದರಿಂದ ನಮೂನೆ ಮಾಡುವವರು ನೆನಪಿನಲ್ಲಿ ಇಡಬೇಕಾದ ಮಾತು ಒಂದೇ: ತಂಪನ್ನು ಯಾರೂ ತಯಾರಿಸುವುದಿಲ್ಲ, ಬಿಸಿಯನ್ನು ಹೊರಗೆ ಸಾಗಿಸುತ್ತಾರೆ. ಬಿಸಿ ಹೋಗುವ ದಾರಿ ನಿಮ್ಮ ನಮೂನೆಯಲ್ಲಿ ಕಾಣಬೇಕು.

ಸಾಗಿಸುವವರು ಯಾರು? ದೊಡ್ಡ ಶೈತ್ಯಾಗಾರಗಳಲ್ಲಿ ಸಾಮಾನ್ಯವಾಗಿ ಅಮೋನಿಯಾ. ಅದನ್ನು ನಾವು ಹಮಾಲನೆಂದು ಕರೆಯೋಣ. ಮೈಮೇಲಿನ ಬೆವರು ಗಾಳಿಗೆ ಆರಿದಾಗ ತಣ್ಣಗಾಗುವುದು ವಿರಾರ್ ಲೋಕಲಿನ ಬಾಗಿಲಲ್ಲಿ ನಿಂತವರಿಗೆಲ್ಲ ಗೊತ್ತು. ದ್ರವವು ಆವಿಯಾಗುವಾಗ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ನೀರು ನೂರು ಡಿಗ್ರಿಯಲ್ಲಿ ಕುದಿದರೆ, ಅಮೋನಿಯಾ ಬಯಲು ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ ೩೩ ಡಿಗ್ರಿ ಕೆಳಗೇ ಕುದಿಯುತ್ತದೆ. ಅಂದರೆ ತಣ್ಣನೆಯ ಕೋಣೆಯೂ ಅದಕ್ಕೆ ಒಲೆಯಂತೆ. ಕೋಣೆಯೊಳಗಿನ ಕೊಳವೆಗಳಲ್ಲಿ ಕುದಿದು ಅದು ಬಿಸಿಯ ಮೂಟೆಯನ್ನು ಹೊರುತ್ತದೆ. ಇನ್ನು ಆ ಮೂಟೆಯನ್ನು ಹೊರಗೆ ಇಳಿಸಬೇಕಲ್ಲ? ಕುಕ್ಕರಿನಲ್ಲಿ ಒತ್ತಡ ಏರಿದರೆ ನೀರು ನೂರಕ್ಕಿಂತ ಹೆಚ್ಚು ಬಿಸಿಯಲ್ಲಿ ಕುದಿಯುವಂತೆ, ಅಮೋನಿಯಾ ಆವಿಯನ್ನು ಗಾಳಿಯ ಸಾಮಾನ್ಯ ಒತ್ತಡದ ಹದಿಮೂರು ಪಟ್ಟಿಗೂ ಹೆಚ್ಚು ಅದುಮಿದರೆ ಅದು ೩೫ ಡಿಗ್ರಿಯಲ್ಲಿಯೇ ಮತ್ತೆ ದ್ರವವಾಗುತ್ತದೆ. ದ್ರವವಾಗುವಾಗ ಹೊತ್ತ ಬಿಸಿಯನ್ನೆಲ್ಲ ಕೆಳಗಿಳಿಸುತ್ತದೆ. ಬಳಿಕ ಖಾಲಿ ಕೈಯಲ್ಲಿ ಮತ್ತೆ ಒಳಗೆ ಹೋಗುತ್ತದೆ. ಹಗಲಿರುಳು ಇದೇ ಪಾಳಿ. ಅಮೋನಿಯಾವನ್ನು ಅದುಮುವ ಯಂತ್ರವನ್ನು ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರು ೧೮೭೦ರ ದಶಕದಲ್ಲಿ ಬಳಕೆಗೆ ತಂದರು. ಇಂದಿನ ಯಂತ್ರಗಳು ಎಷ್ಟೋ ಸುಧಾರಿಸಿದ್ದರೂ ಮೂಲತತ್ತ್ವ ಅದೇ.

ಈಗ ಅಳತೆಗೆ ಬರೋಣ. ನೂರಕ್ಕೆ ಒಂದರ ಅಳತೆ ನಮಗೆ ಅನುಕೂಲ. ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಶಾಲೆಯ ಅಳತೆಪಟ್ಟಿಯೇ ಸಾಕು, ಗುಣಾಕಾರ ಬೇಡ. ೨೪ ಮೀಟರ್ ಉದ್ದ, ೧೭ ಮೀಟರ್ ಅಗಲ, ೧೦ ಮೀಟರ್ ಎತ್ತರದ ಕೋಣೆ ನಿಮ್ಮ ರಟ್ಟಿನಲ್ಲಿ ೨೪, ೧೭, ೧೦ ಸೆಂಟಿಮೀಟರ್ ಆಗುತ್ತದೆ. ಅದರ ಗಾತ್ರ ೪,೦೮೦ ಘನಮೀಟರ್. ಆಲೂಗಡ್ಡೆಯಂಥ ಸರಕಿಗೆ ಟನ್ನಿಗೆ ೩.೪ ಘನಮೀಟರ್ ಎಂಬುದು ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಲೆಕ್ಕ. ಆ ಲೆಕ್ಕದಲ್ಲಿ ಇದು ೧,೨೦೦ ಟನ್ನಿನ ಕೋಣೆ. ಒಣ ಮೆಣಸಿನಕಾಯಿ ಹಗುರವಾದುದರಿಂದ ಅಷ್ಟು ತೂಕ ಹಿಡಿಸುವುದಿಲ್ಲ. ಮನುಷ್ಯನ ಎತ್ತರ ೧೭ ಮಿಲಿಮೀಟರ್. ಬಾಗಿಲು ಒಂದೂವರೆ ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ. ಕಿಟಕಿ ಮಾತ್ರ ಬರೆಯಲೇಬೇಡಿ.

ಯಂತ್ರದ ಕೋಣೆ ದೊಡ್ಡ ಕಟ್ಟಡಕ್ಕೆ ಅಂಟಿಕೊಂಡು ಬೇರೆಯಾಗಿ ಇರುತ್ತದೆ. ಅದಕ್ಕೆ ಕಿಟಕಿಗಳೂ, ಗಾಳಿ ಹೊರಹಾಕುವ ಫ್ಯಾನೂ, ಹೊರಕ್ಕೆ ತೆರೆಯುವ ಬಾಗಿಲೂ ಇರಬೇಕು. ಒಳಗಿರುವುದು ಕಂಪ್ರೆಸರ್, ಅಂದರೆ ಆವಿಯನ್ನು ಅದುಮುವ ಯಂತ್ರ. ಭಾರತದ ಶೈತ್ಯಾಗಾರಗಳಲ್ಲಿ ಅದರ ಮೇಲೆ ಕಿರ್ಲೋಸ್ಕರ್ ಎಂಬ ಹೆಸರು ಕಾಣಿಸುವುದುಂಟು. ಆ ಕಂಪ್ರೆಸರ್‌ಗಳನ್ನು ಮಾಡುವ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಂಪನಿ ೧೯೫೮ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಕೆಲಸ ತೊಡಗಿದವರು. ನಮ್ಮ ಹುಡುಗರು ಇದನ್ನು ತಿಳಿದಿರುವುದು ಒಳ್ಳೆಯದು. ಯಂತ್ರದ ಫಲಕದ ಮೇಲೆ ಟನ್ ಎಂದು ಬರೆದಿದ್ದರೆ ಅದು ಸರಕಿನ ತೂಕವಲ್ಲ. ಸುಮಾರು ೯೦೭ ಕಿಲೋಗ್ರಾಂ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಬಿಸಿ ಹೀರುವುದೋ ಅಷ್ಟನ್ನು ಒಂದು ದಿನದಲ್ಲಿ ಹೊರಹಾಕುವ ಶಕ್ತಿ. ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್.

ಮಾಡಿನ ಮೇಲೆ ಎದ್ದು ಕಾಣುವುದು ಕಂಡೆನ್ಸರ್. ಹಮಾಲನು ಮೂಟೆ ಇಳಿಸುವ ಜಾಗ ಇದೇ. ಕೋಣೆಯ ಬಿಸಿಯ ಜೊತೆಗೆ ಅದುಮುವ ಯಂತ್ರದ ಶ್ರಮದ ಬಿಸಿಯನ್ನೂ ಇಲ್ಲಿಯೇ ಇಳಿಸಬೇಕಾದುದರಿಂದ ಅದು ನೀವು ನೆನೆದುದಕ್ಕಿಂತ ದೊಡ್ಡದಾಗಿರುತ್ತದೆ. ಇದರಲ್ಲಿ ಎರಡು ಬಗೆಗಳನ್ನು ನೋಡಬಹುದು. ಹಳೆಯದು ಬಯಲು ಕಂಡೆನ್ಸರ್: ಒಂದರ ಮೇಲೊಂದು ಅಡ್ಡಲಾಗಿ ಮಡಿಸಿದ ಕೊಳವೆಗಳ ಚೌಕಟ್ಟು, ಮೇಲಿನಿಂದ ತೊಟ್ಟಿಕ್ಕುವ ನೀರು, ಕೆಳಗೆ ತೊಟ್ಟಿ. ತಂತಿಯನ್ನು ಹಾವಿನ ಹಾಗೆ ಮಡಿಸಿ ನಿಲ್ಲಿಸಿದರೆ ಇದು ಸಿದ್ಧ. ಅಂಥ ಆರೇಳು ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಸುತ್ತಲೂ ಪಟ್ಟಿಗಳ ತಡಿಕೆ ಕಟ್ಟಿರಿ. ಹೊಸದು ಮುಚ್ಚಿದ ಪೆಟ್ಟಿಗೆಯ ಕಂಡೆನ್ಸರ್: ಒಳಗೆ ಕೊಳವೆ, ಅದರ ಮೇಲೆ ನೀರಿನ ಸಿಂಪಡಿಕೆ, ನೆತ್ತಿಯ ಮೇಲೆ ದೊಡ್ಡ ಫ್ಯಾನು. ಮೂರು ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿದರೆ ಸುಮಾರು ಐದು ಮೀಟರ್ ಉದ್ದದ ಅಂಥ ಪೆಟ್ಟಿಗೆಯಾಗುತ್ತದೆ. ಫ್ಯಾನಿಗೆ ಅಂಗಿಯ ಗುಂಡಿ ಸರಿಯಾದ ಅಳತೆ. ಕೆಳಭಾಗದಲ್ಲಿ ಗಾಳಿ ಒಳಗೆ ಹೋಗುವ ಓರೆ ಪಟ್ಟಿಗಳನ್ನು ಗೀಚಿರಿ. ಪೆಟ್ಟಿಗೆಯನ್ನು ಮಾಡಿನ ನಡುವೆ ಸುಮ್ಮನೆ ಕೂಡಿಸಬಾರದು. ನೀರು ತುಂಬಿದ ಆ ಭಾರವನ್ನು ಕಂಬಗಳ ನೇರಕ್ಕೆ ಉಕ್ಕಿನ ತೊಲೆಗಳ ಮೇಲೆಯೇ ಇಡುತ್ತಾರೆ. ಹತ್ತಿ ನೋಡಲು ಒಂದು ಏಣಿ, ಸುತ್ತ ಕಟಕಟೆ ಬೇಕು.

ಕಂಡೆನ್ಸರಿನಿಂದ ಇಳಿದ ದ್ರವ ರಿಸೀವರ್ ಎಂಬ ಉದ್ದನೆಯ ಉರುಳೆಗೆ ಬರುತ್ತದೆ. ಅದು ಕಂಡೆನ್ಸರಿಗಿಂತ ಕೆಳಗೆ ಇರಬೇಕು; ದ್ರವವು ತಾನೇ ಇಳಿದು ಬರಬೇಕಲ್ಲ. ನಾಲ್ಕು ಸೆಂಟಿಮೀಟರ್ ಉದ್ದದ ದುಂಡು ಪೆನ್ಸಿಲಿನ ತುಂಡು ಸಾಕು. ತುದಿಗಳನ್ನು ಮೇಣದಿಂದ ಗುಂಡಾಗಿಸಿರಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿರಿ, ಬಿಸಿಲು ತಾಗದಂತೆ ಮೇಲೊಂದು ತಗಡಿನ ಚಪ್ಪರ ಹಾಕಿರಿ. ಅದರ ನೆತ್ತಿಯಿಂದ ಒಂದು ಕೊಳವೆ ಮಾಡಿಗಿಂತಲೂ ಎತ್ತರಕ್ಕೆ ಏರಿರಬೇಕು. ಒತ್ತಡ ಮಿತಿ ಮೀರಿದಾಗ ಕವಾಟ ತೆರೆದು ಅಮೋನಿಯಾ ಆ ಕೊಳವೆಯಿಂದ ಜನರ ಉಸಿರಿನ ಮಟ್ಟಕ್ಕಿಂತ ಮೇಲೆ ಹೊರಟುಹೋಗುತ್ತದೆ.

ಕೊಳವೆಗಳ ದಪ್ಪದಲ್ಲಿಯೇ ನಮೂನೆಕಾರನ ತಿಳಿವಳಿಕೆ ಗೊತ್ತಾಗುತ್ತದೆ. ಎಲ್ಲ ಕೊಳವೆಗೂ ಒಂದೇ ತಂತಿ ಉಪಯೋಗಿಸಬಾರದು. ಕೋಣೆಯಿಂದ ಯಂತ್ರಕ್ಕೆ ಬರುವ ತಣ್ಣನೆಯ ಆವಿಯ ಕೊಳವೆ ಎಲ್ಲಕ್ಕಿಂತ ದಪ್ಪ. ಕೊಳವೆಯೇ ಹತ್ತು ಸೆಂಟಿಮೀಟರ್ ಇದ್ದು, ಸುತ್ತ ಏಳೂವರೆ ಸೆಂಟಿಮೀಟರ್ ಹೊದಿಕೆ ಸೇರಿದರೆ ೨೫ ಸೆಂಟಿಮೀಟರ್ ಆಗುತ್ತದೆ; ನಿಮ್ಮ ಅಳತೆಯಲ್ಲಿ ಎರಡೂವರೆ ಮಿಲಿಮೀಟರ್. ಖಾಲಿ ಬಾಲ್‌ಪೆನ್ ರೀಫಿಲ್ ಸರಿಸುಮಾರು ಅಷ್ಟೇ. ಹೊದಿಕೆಯ ಮೇಲೆ ಅಲ್ಯುಮಿನಿಯಮ್ ತಗಡು ಇರುವುದರಿಂದ ಬೆಳ್ಳಿಯ ಕಾಗದ ಸುತ್ತಿರಿ. ಯಂತ್ರದಿಂದ ಕಂಡೆನ್ಸರಿಗೆ ಏರುವ ಬಿಸಿಯಾದ ಕೊಳವೆಗೆ ಹೊದಿಕೆಯಿಲ್ಲ. ಅದಕ್ಕೆ ಸಣ್ಣ ತಂತಿ ಸಾಕು. ದ್ರವ ಹೋಗುವ ಕೊಳವೆ ಇನ್ನೂ ಸಪೂರ. ಅಂಟು ಹಚ್ಚಿ ಬಿಗಿಗೊಳಿಸಿದ ದಪ್ಪ ನೂಲು ಆದೀತು. ಕಾರಣ ಸುಲಭ: ಆವಿಗೆ ಜಾಗ ಬಹಳ ಬೇಕು, ದ್ರವಕ್ಕೆ ಸ್ವಲ್ಪ ಸಾಕು. ಈ ಮೂರು ದಪ್ಪಗಳನ್ನು ಸರಿಯಾಗಿ ತೋರಿಸಿದರೆ ನೋಡುವವನು ಬೆರಳಿಟ್ಟು ಬಿಸಿಯ ದಾರಿಯನ್ನು ಹಿಡಿದು ಹೋಗಬಹುದು.

ಒಳಗಿನ ಭಾಗವನ್ನೂ ತೋರಿಸಬೇಕೆಂದಿದ್ದರೆ ಒಂದು ಗೋಡೆಯನ್ನು ತೆರೆದಿಡಿರಿ. ಹಳೆಯ ಕಟ್ಟಡಗಳಲ್ಲಿ ಕೊಳವೆಯ ಸುರುಳಿಗಳು ಕೋಣೆಯ ನೆತ್ತಿಯಲ್ಲಿ ಅಟ್ಟದಂತೆ ಹರಡಿರುತ್ತವೆ. ಹೊಸದರಲ್ಲಿ ಫ್ಯಾನುಗಳುಳ್ಳ ಪೆಟ್ಟಿಗೆಗಳು ಚಾವಣಿಗೆ ತೂಗುತ್ತವೆ. ಅವುಗಳ ಮೇಲೆ ಕಟ್ಟಿದ ಹಿಮ ಕರಗಿದ ನೀರು ಹೋಗಲು ಗೋಡೆಯಿಂದ ಒಂದು ಸಣ್ಣ ಕೊಳವೆ ಹೊರಬಂದಿರುತ್ತದೆ. ಮೀನನ್ನು ಹೆಪ್ಪುಗಟ್ಟಿಸಿ ಇಡುವ ಕಟ್ಟಡವಾದರೆ ಇನ್ನೊಂದು ಗುರುತು ಇದೆ. ಅಲ್ಲಿ ಒಳಗೆ ಸೊನ್ನೆಗಿಂತ ೧೮ ಡಿಗ್ರಿಗಿಂತಲೂ ಕೆಳಗಿನ ಚಳಿ. ಬಿಟ್ಟರೆ ಅಡಿಯ ಮಣ್ಣಿನ ತೇವವೇ ಹೆಪ್ಪುಗಟ್ಟಿ ಉಬ್ಬಿ ನೆಲವನ್ನು ಸೀಳೀತು. ಅದಕ್ಕಾಗಿ ನೆಲದಡಿಯಲ್ಲಿ ಗಾಳಿಯಾಡುವ ಕೊಳವೆಗಳನ್ನು ಹೂಳುವುದುಂಟು. ಅಡಿಪಾಯದ ಪಟ್ಟಿಯಲ್ಲಿ ಸಾಲಾಗಿ ತೂತುಗಳನ್ನು ಚುಚ್ಚಿದರೆ ಬಲ್ಲವನು ನೋಡಿ ತಲೆದೂಗುತ್ತಾನೆ.

ಎಲ್ಲ ಶೈತ್ಯಾಗಾರವೂ ಅಮೋನಿಯಾದ್ದಲ್ಲ. ಹಣ್ಣು, ಹಾಲು, ಔಷಧಿಗಳ ಸಣ್ಣ ಕೋಣೆಗಳಲ್ಲಿ ಫ್ರಿಯಾನ್ ಜಾತಿಯ ಅನಿಲಗಳಿರುತ್ತವೆ. ಅಲ್ಲಿ ನೀರಿನ ಕಂಡೆನ್ಸರಿಲ್ಲ, ತೊಟ್ಟಿಯಿಲ್ಲ. ಗೋಡೆಗೆ ಹೊಂದಿ ಫ್ಯಾನಿನ ಪೆಟ್ಟಿಗೆ, ತೆಳುವಾದ ತಾಮ್ರದ ಕೊಳವೆ, ಇಷ್ಟೇ. ಕೆಲಸ ತೊಡಗುವ ಮೊದಲೇ ಯಾವುದೆಂದು ಗೊತ್ತುಮಾಡಿಕೊಳ್ಳಿ. ಒಂದರ ಕೊಳವೆಯನ್ನು ಇನ್ನೊಂದರ ಪೆಟ್ಟಿಗೆಗೆ ಜೋಡಿಸಿದರೆ ಅದು ಗಾಡಿಗೆ ದೋಣಿಯ ಹುಟ್ಟು ಕಟ್ಟಿದಂತೆ.

ಬಣ್ಣದ ವಿಷಯದಲ್ಲಿ ಒಂದು ಮಾತು. ಹೊಳೆಯುವ ಹೊಸ ಯಂತ್ರ ನೋಡಲು ಚೆಂದ, ಆದರೆ ಸುಳ್ಳಾಗಿ ಕಾಣುತ್ತದೆ. ಹಗಲಿರುಳು ನೀರು ಸುರಿಯುವ ಕಂಡೆನ್ಸರಿನ ಮೈಮೇಲೆ ಗಡಸು ನೀರಿನ ಬಿಳಿಯ ಸುಣ್ಣದ ಗೆರೆಗಳು, ತೊಟ್ಟಿಯ ಅಂಚಿನಲ್ಲಿ ಹಸಿರು ಪಾಚಿ, ಕೀಲುಗಳಲ್ಲಿ ತುಕ್ಕು ಇವು ಸಹಜ. ಸೀಮೆಸುಣ್ಣದ ಪುಡಿ, ಇಟ್ಟಿಗೆಯ ಪುಡಿ ಇಷ್ಟರಿಂದಲೇ ಇವನ್ನು ಮಾಡಬಹುದು. ನಿಜವಾದುದನ್ನು ನೋಡಲು ಬ್ಯಾಡಗಿಗೇ ಹೋಗಬೇಕೆಂದಿಲ್ಲ. ಗೊರಾಯಿ, ಮನೋರಿ, ಉತ್ತನ್ ಕಡೆಯ ಮೀನುದೋಣಿಗಳು ಕಡಲಿಗೆ ಹೋಗುವಾಗ ಪುಡಿಮಾಡಿದ ಮಂಜುಗಡ್ಡೆ ಹೇರಿಕೊಳ್ಳುತ್ತವೆ. ೧೮೭೫ರಲ್ಲಿ ಆದ ಕೊಲಾಬದ ಸಸೂನ್ ಡಾಕಿನಲ್ಲಿಯೂ ಇದೇ ವ್ಯವಹಾರ. ಎಲ್ಲಿಯಾದರೂ ಬರ್ಫದ ಕಾರ್ಖಾನೆ ಕಂಡರೆ ರಸ್ತೆಯಲ್ಲಿಯೇ ನಿಂತು ತಲೆಯೆತ್ತಿ ನೋಡಿರಿ. ಮಾಡಿನ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೆ ಬಿಸಿ ಇಳಿಯುವ ಜಾಗ ಅದೇ. ಅಪ್ಪಣೆಯಿಲ್ಲದೆ ಒಳಗೆ ಹೋಗಬೇಡಿರಿ.

ಈ ಕೊನೆಯ ಮಾತನ್ನು ಹೇಳುವುದಕ್ಕೆ ಕಾರಣವಿದೆ. ಅಮೋನಿಯಾ ಒಳ್ಳೆಯ ಹಮಾಲ, ಆದರೆ ಕಟ್ಟು ತಪ್ಪಿದರೆ ಕಣ್ಣು, ಗಂಟಲು, ಪುಪ್ಪುಸಗಳನ್ನು ಸುಡುತ್ತದೆ. ೨೦೧೩ರ ಆಗಸ್ಟಿನಲ್ಲಿ ಚೀನಾದ ಶಾಂಘಾಯ್‌ನ ಒಂದು ಶೈತ್ಯಾಗಾರದಲ್ಲಿ ಅದು ಸೋರಿ ೧೫ ಜನ ಸತ್ತರು. ಇಂಥ ಕಟ್ಟಡಗಳಲ್ಲಿ ಚೀಲ ಹೊರುವವರು, ಎಣಿಸುವವರು, ಚೀಟಿ ಬರೆಯುವವರು ಊರು ಬಿಟ್ಟು ಬಂದ ನಮ್ಮಂಥವರೇ. ಯಂತ್ರದ ಕೋಣೆಯ ಕೆಲಸಗಾರನಿಗೆ ತರಬೇತಿ ಇರುತ್ತದೆ. ಬಾಗಿಲಲ್ಲಿ ಎರಡು ದಿನದ ಕೂಲಿಗೆ ಬಂದವನಿಗೆ ಯಾರೂ ಏನೂ ಹೇಳಿರುವುದಿಲ್ಲ. ಆದುದರಿಂದ ನಾವು ನಮ್ಮ ನಮೂನೆಕಾರರನ್ನು ಕೇಳಿಕೊಳ್ಳುವುದೇನೆಂದರೆ, ಜೀವ ಉಳಿಸುವ ನಾಲ್ಕು ವಸ್ತುಗಳನ್ನು ಬಿಡದೆ ತೋರಿಸಿರಿ. ಒಂದು, ಕೋಣೆಯ ಬಾಗಿಲಿಗೆ ಒಳಗಿನಿಂದಲೂ ತೆಗೆಯಲು ಬರುವ ಹಿಡಿ. ಬಾಗಿಲು ಮುಚ್ಚಿಕೊಂಡರೂ ಒಳಗಿದ್ದವನು ಹೊರಬರುವಂತಿರಬೇಕು. ಎರಡು, ಒಳಗಡೆ ಬಾಗಿಲ ಬಳಿ ಕೆಂಪು ಗಂಟೆಯ ಗುಂಡಿ. ಮೂರು, ಯಂತ್ರದ ಕೋಣೆಯ ಹೊರಗೆ ಮೈ ಕಣ್ಣು ತೊಳೆಯುವ ನೀರಿನ ನಲ್ಲಿ. ನಾಲ್ಕು, ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ. ಅಂಗಿಯ ಒಂದು ಚೂರು, ಒಂದು ಕಡ್ಡಿ ಇದಕ್ಕೆ ಸಾಕು.

ನೋಡಲು ಬಂದವರಿಗೆ ಇವುಗಳ ಉಪಯೋಗವನ್ನೂ ಹೇಳಿರಿ. ಮೂಗಿಗೆ ಚುಚ್ಚುವ ವಾಸನೆ ಬಂದೊಡನೆ ಮಾಲಿನ ಲೆಕ್ಕ ನೋಡುತ್ತ ನಿಲ್ಲಬಾರದು. ಆ ಚೀಲ ನೋಡಿ ಗಾಳಿ ಎಲ್ಲಿಂದ ಬರುತ್ತಿದೆಯೆಂದು ತಿಳಿದು, ಮೋಡದೊಳಗೆ ಹಾಯದೆ ಮೊದಲು ಗಾಳಿಗೆ ಅಡ್ಡಲಾಗಿ ಸರಿದು, ಬಳಿಕ ಗಾಳಿ ಬರುವ ಕಡೆಗೆ ಹೋಗಬೇಕು. ಅಮೋನಿಯಾ ನೀರಿನಲ್ಲಿ ಬಲು ಬೇಗ ಕರಗುವುದರಿಂದ ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿದರೆ ಹೊರಬರುವಷ್ಟು ಹೊತ್ತಿಗೆ ಸ್ವಲ್ಪ ಆಸರೆ. ಕಣ್ಣಿಗೆ ತಾಗಿದರೆ ಉಜ್ಜದೆ ಕಾಲು ಗಂಟೆಯಾದರೂ ಶುದ್ಧ ನೀರು ಹರಿಸಿ ತೊಳೆದು ಡಾಕ್ಟರರ ಬಳಿಗೆ ಹೋಗಬೇಕು. ನೆಲದ ಮೇಲೆ ದ್ರವ ನಿಂತಿದ್ದರೆ ಅದರ ಮೇಲೆ ನೀರು ಸುರಿಯಬಾರದು. ಅದು ಇನ್ನಷ್ಟು ಕುದಿದು ಆವಿಯಾಗುತ್ತದೆ. ಬಿದ್ದವನನ್ನು ಎತ್ತಲು ಮುಖವಾಡವಿಲ್ಲದೆ ಒಳಗೆ ನುಗ್ಗಿದವನೂ ಅಲ್ಲಿಯೇ ಬೀಳುತ್ತಾನೆ. ಅಗ್ನಿಶಾಮಕ ದಳದವರನ್ನು ಕರೆಯಬೇಕು.

ಇಷ್ಟೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಏಕೆ ಎಂದು ಯಾರಾದರೂ ಕೇಳಬಹುದು. ನಮೂನೆಯೆಂದರೆ ಆಟಿಗೆಯೂ ಹೌದು, ಪಾಠವೂ ಹೌದು. ಮೆಣಸಿನಕಾಯಿ ಬೆಳೆದವನ ವರ್ಷದ ದುಡಿಮೆ ಆ ಗೋಡೆಗಳೊಳಗೆ ಇದೆ. ಅದನ್ನು ಹೊತ್ತವನ ಉಸಿರು ಆ ಕೊಳವೆಗಳ ಗಟ್ಟಿತನದ ಮೇಲೆ ನಿಂತಿದೆ. ಮಾಡಿನ ಮೇಲಿನದನ್ನು ಬರಿಯ ಅಲಂಕಾರವೆಂದು ಅಂಟಿಸದೆ, ಪ್ರತಿಯೊಂದಕ್ಕೂ ಇದು ಬಿಸಿಯನ್ನು ಎಲ್ಲಿಂದ ತಂದು ಎಲ್ಲಿ ಇಳಿಸುತ್ತದೆಂದು ಕೇಳಿಕೊಂಡು ಮಾಡಿದರೆ, ನೋಡುವವರು ಕಲಿಯುವರು, ಮಾಡಿದವರು ಅವರಿಗಿಂತ ಹೆಚ್ಚು ಕಲಿಯುವರು. ರಟ್ಟು, ಅಂಟು, ಅಳತೆಪಟ್ಟಿಗಳನ್ನು ವಾಚನಾಲಯದ ಹಿಂದಿನ ಕಪಾಟಿನಲ್ಲಿ ಇರಿಸಿದ್ದೇವೆ. ಮನೆಯಲ್ಲಿ ಖಾಲಿಯಾದ ರೀಫಿಲ್, ಬೆಂಕಿಪೊಟ್ಟಣ, ಗುಂಡಿಗಳನ್ನು ಎಸೆಯದೆ ತಂದುಕೊಡಬೇಕೆಂದು ತಾಯಂದಿರಲ್ಲಿ ವಿನಂತಿ. ಬ್ಯಾಡಗಿ, ಹಾವೇರಿ ಕಡೆಯ ಬಂಧುಗಳು ಊರಿಗೆ ಹೋದಾಗ ಹೊರಗಿನಿಂದ ಕಂಡ ಕಟ್ಟಡದ ಒಂದೆರಡು ಚಿತ್ರಗಳನ್ನು ತಂದರೆ ಬಹಳ ಉಪಕಾರವಾದೀತು.